ಕೇಳಿದ ಮೇಲೆ ಇಣುಕಬಾರದು

ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿದೆ. ಮೇಲಿನ ಮಹಡಿಗಳಲ್ಲಿ ಯಾರು ಹುಟ್ಟಿದರು, ಯಾರು ಹೋದರು, ಯಾರಿಗೆ ಊಟ ಸೇರಲಿಲ್ಲ ಎಂಬುದೆಲ್ಲ ಅಲ್ಲಿಗೆ ಹಾಸಿಗೆ ಬಟ್ಟೆಯಾಗಿ ಇಳಿದು ಬರುತ್ತದೆ. ಮೆಲ್ಲಣ್ಣ ಅಲ್ಲಿ ಕೆಲಸಕ್ಕೆ ಸೇರಿದಾಗ ಅವನಿಗೆ ಮೀಸೆ ಸರಿಯಾಗಿ ಚಿಗುರಿರಲಿಲ್ಲ. ಮೆಲ್ಲಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಯಂತ್ರಗಳ ಗದ್ದಲದಲ್ಲಿ ಎಲ್ಲರೂ ಗಂಟಲು ಹರಿದುಕೊಂಡು ಮಾತಾಡುವ ಆ ಜಾಗದಲ್ಲಿ ಇವನೊಬ್ಬ ಪಕ್ಕದವನ ಕಿವಿಗೂ ಬೀಳದ ಹಾಗೆ ಮಾತಾಡುತ್ತಿದ್ದ. 'ಏನಂದೆ? ಏನಂದೆ?' ಎಂದು ಕೇಳಿ ಕೇಳಿ ಸುಸ್ತಾದ ಜೊತೆಗಾರರು ಆ ಹೆಸರನ್ನು ಅಂಟಿಸಿದರು, ಅದು ಅವನಿಗೆ ಅಂಟಿಕೊಂಡೇಬಿಟ್ಟಿತು.

ಅವನು ಹುಟ್ಟುವಾಗಲೇ ಮೆತ್ತಗಿದ್ದವನಲ್ಲ, ಮೆತ್ತಗೆ ಮಾಡಲಾಗಿತ್ತು. ಅವನ ತಂದೆ ಸಭೆಯ ಹಿರಿಯರು. ಭಾನುವಾರ ಬೆಳಗ್ಗೆ ಚರ್ಚಿನ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೈಕುಲುಕಿ ಕ್ಷೇಮ ವಿಚಾರಿಸುತ್ತಿದ್ದ ಅದೇ ಕೈ ಮನೆಯಲ್ಲಿ ಬೆತ್ತ ಹಿಡಿಯುತ್ತಿತ್ತು. ಮಗ ಸಿಮೆಂಟು ನೆಲದ ಮೇಲೆ ಮೊಣಕಾಲೂರಿ ಬೈಬಲ್ಲಿನ ವಾಕ್ಯ ಒಪ್ಪಿಸಬೇಕು. ಒಂದು ಪದ ತಪ್ಪಿದರೆ ಮೊದಲಿಂದ, ಎರಡನೇ ಸಲ ತಪ್ಪಿದರೆ ಬೆನ್ನಿನ ಮೇಲೆ ಬೆತ್ತ. ದೇವರು ಅಂದರೆ ಆ ಹುಡುಗನಿಗೆ ಮೊದಲು ನೆನಪಾಗುತ್ತಿದ್ದದ್ದು ಮೊಣಕಾಲಿನ ನೋವು. ಸತ್ತವರ ಬಗ್ಗೆ ಕೆಟ್ಟ ಮಾತು ಬೇಡವೆನ್ನುತ್ತಾರೆ, ಆದ್ದರಿಂದ ಆ ಹಿರಿಯರ ವಿಷಯ ಇಲ್ಲಿಗೇ ಬಿಡೋಣ.

ಇಂಥವನಿಗೆ ಸಿಕ್ಕ ಹೆಂಡತಿ ಹೇಗಿದ್ದಳೆಂದರೆ, ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿತು ಎಂದು ಕೂಗಿ ಹೇಳುವುದೇ ಅವಳ ಉದ್ಯೋಗ. ಮೈಕು ಕೆಟ್ಟ ದಿನ ಕೂಡ ಯಾರಿಗೂ ಬಸ್ಸು ತಪ್ಪುವುದಿಲ್ಲ ಎಂದು ಅಲ್ಲಿಯ ಡ್ರೈವರುಗಳು ತಮಾಷೆ ಮಾಡುತ್ತಿದ್ದರು. ಅವಳು ಅಡುಗೆಮನೆಯಲ್ಲಿ ನಕ್ಕರೆ ಬೀದಿಗೆ ಕೇಳುತ್ತಿತ್ತು. ಗಂಡ ಏನಾದರೂ ಹೇಳಲು ಬಾಯಿ ತೆರೆದರೆ ಕೈಲಿದ್ದ ಕೆಲಸ ಬಿಟ್ಟು ಅವನ ಮುಂದೆ ಕೂತು, ಅವನು ಮುಗಿಸುವವರೆಗೂ ಕಾಯುತ್ತಿದ್ದಳು. ಅಷ್ಟು ತಾಳ್ಮೆಯಿಂದ ಅವನ ಮಾತು ಕೇಳಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ.

ಅವರಿಗೆ ಒಬ್ಬಳೇ ಮಗಳು. ಮನೆಯಲ್ಲಿ ಅವಳು ಪಿಟ್ಟು. ಮುಖ ತಾಯಿಯದು, ಗಂಟಲು ಮಾತ್ರ ತಂದೆಯದು. ಶಾಲೆಯಲ್ಲಿ ಹಾಜರಿ ಕೂಗಿದಾಗ ಅವಳ ಉತ್ತರ ಕೇಳಿಸದೆ ಎಷ್ಟೋ ದಿನ ಗೈರುಹಾಜರಿ ಬೀಳುತ್ತಿತ್ತು. ಯಾರಾದರೂ ಮನೆಗೆ ಬಂದರೆ ತಾಯಿಯ ಬೆನ್ನ ಹಿಂದೆ ಅಡಗಿಕೊಳ್ಳುತ್ತಿದ್ದಳು. ಅವಳು ಹಾಗೆ ಅಡಗುವುದನ್ನು ಕಂಡಾಗಲೆಲ್ಲ ಮೆಲ್ಲಣ್ಣನಿಗೆ ತನ್ನ ಬಾಲ್ಯ ನೆನಪಾಗುತ್ತಿತ್ತು. ತನ್ನ ಮಗಳಿಗೆ ಬೆತ್ತದ ದೇವರು ಬೇಡ, ಕಿವಿಗೊಟ್ಟು ಕೇಳುವ ದೇವರು ಬೇಕು ಎಂದು ಅವನು ಅವಳು ತೊಟ್ಟಿಲಲ್ಲಿದ್ದಾಗಲೇ ನಿಶ್ಚಯ ಮಾಡಿಕೊಂಡಿದ್ದ.

ಆ ಮನೆಯ ಪ್ರಾರ್ಥನೆಗೆ ಮೊಣಕಾಲೂರುವ ಹಾಗಿರಲಿಲ್ಲ. ಊಟವಾಗಿ ತಟ್ಟೆ ತೆಗೆದ ಮೇಲೆ ಅದೇ ಮೇಜಿನ ಸುತ್ತ ಕೂತು, ಮಗಳು ಬೇಕಾದರೆ ಕಾಲು ಆಡಿಸುತ್ತಲೇ ಇರಬಹುದು, ಒಬ್ಬೊಬ್ಬರು ತಮ್ಮ ಮನಸ್ಸಿನಲ್ಲಿದ್ದದ್ದನ್ನು ಹೇಳುವುದು. ಬಾಯಿಪಾಠದ ಮಾತು ಬೇಡ, ಪಕ್ಕದಲ್ಲಿ ಕೂತವರ ಹತ್ತಿರ ಹೇಳುವ ಹಾಗೆ ಹೇಳು ಎನ್ನುತ್ತಿದ್ದ ತಂದೆ. ಪಿಟ್ಟು ಎಷ್ಟೋ ಕಾಲ ಬರೀ ಆಮೆನ್ ಅನ್ನುವುದಕ್ಕೆ ಮಾತ್ರ ತುಟಿ ಅಲ್ಲಾಡಿಸಿದಳು. ಅವನು ಬಲವಂತ ಮಾಡಲಿಲ್ಲ. ಒಂದು ದಿನ ಅವಳು ಮೇಜಿನ ಮೇಲಿನ ಗೆರೆಯನ್ನು ಉಗುರಿನಿಂದ ಕೆರೆಯುತ್ತ, ಪಕ್ಕದ ಹುಡುಗಿ ಚಿವುಟುತ್ತಾಳೆ, ಕಿಟಕಿ ಹತ್ತಿರದ ಬೆಂಚಿನಲ್ಲಿ ಕೂರುವ ಹಾಗೆ ಮಾಡು ಸ್ವಾಮಿ ಎಂದು ಕೇಳಿಕೊಂಡಳು. ಅದು ಅವಳ ಮೊದಲ ಪ್ರಾರ್ಥನೆ. ತಂದೆಯ ಕಣ್ಣು ತುಂಬಿ ಬಂತು.

ಮಾರನೆಯ ದಿನ ಕೆಲಸಕ್ಕೆ ಹೋಗುವ ಮೊದಲು ಅವನು ಶಾಲೆಯ ಮುಂದೆ ನಿಂತಿದ್ದ. ಬಾಯಿ ತೆರೆದರೆ ಬೆವರುವ ಮನುಷ್ಯ ಶಿಕ್ಷಕಿಯ ಮುಂದೆ ನಿಂತು, ಅವರು 'ಏನು?' 'ಏನು?' ಎಂದು ಮತ್ತೆ ಮತ್ತೆ ಕೇಳಿದರೂ ಬಿಡದೆ, ಮಗಳನ್ನು ಕಿಟಕಿ ಪಕ್ಕಕ್ಕೆ ಕೂರಿಸಲು ಒಪ್ಪಿಸಿಯೇ ಬಂದ. ಸಂಜೆ ಪಿಟ್ಟು ಬಾಗಿಲಿಂದಲೇ ಕೂಗಿಕೊಂಡು ಒಳಗೆ ಓಡಿ ಬಂದಳು. ದೇವರು ಕೇಳಿಸಿಕೊಂಡ, ನನ್ನ ಮಾತು ಅವನಿಗೆ ಕೇಳಿಸಿತು ಎಂದು ಅವಳು ಅಡುಗೆಮನೆಯ ತುಂಬ ಕುಣಿದಾಡಿದಳು. ಆಗಲೇ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬಹುದಿತ್ತು. ಅಪ್ಪ ಹೋಗಿ ಕೇಳಿದೆ, ಹೋಗುವ ಧೈರ್ಯ ಕೊಟ್ಟವನು ದೇವರು ಎಂದಿದ್ದರೆ ಅದೂ ನಿಜವೇ ಆಗುತ್ತಿತ್ತು. ಆದರೆ ಮಗಳ ಆ ಮುಖ ನೋಡಿದ ಮೇಲೆ ಅವನಿಗೆ ಅದನ್ನು ಒಂದಿಷ್ಟೂ ಕುಗ್ಗಿಸಲು ಮನಸ್ಸಾಗಲಿಲ್ಲ. ಅವನು ಕೆಟ್ಟದ್ದು ಅಲ್ಲಿ.

ಆಮೇಲೆ ಅದೇ ಕೆಲಸವಾಯಿತು. ಪಿಟ್ಟು ಸಂಜೆ ಕೇಳುವುದು, ಮೆಲ್ಲಣ್ಣ ಮಾರನೆಯ ದಿನ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗುವುದು. ಹರಿದ ಶಾಲಾಚೀಲ ತನ್ನಿಂದ ತಾನೇ ಹೊಲಿದುಕೊಂಡಿತು. ಕೆಟ್ಟು ನಿಂತಿದ್ದ ಬೀದಿದೀಪ ಹೊತ್ತಿಕೊಂಡಿತು. ಮನೆಯ ಮಹಡಿ ಮೇಲೆ ವಾಸವಿದ್ದ ತಾತನ ಬೆಕ್ಕು ಕಾಣೆಯಾದಾಗ ಪಿಟ್ಟು ಅದಕ್ಕೂ ಪ್ರಾರ್ಥನೆ ಮಾಡಿದಳು. ಅವಳ ಅಪ್ಪ ಕೆಲಸ ಮುಗಿಸಿ ಗಲ್ಲಿ ಗಲ್ಲಿ ಸುತ್ತಿದ. ಬೆಕ್ಕನ್ನು ಪಿಸುದನಿಯಲ್ಲಿ ಕರೆದರೆ ಯಾವ ಬೆಕ್ಕು ಬಂದೀತು? ಕೊನೆಗೆ ಮೀನಿನ ಅಂಗಡಿಯ ಹಿಂದೆ ಸಿಕ್ಕಿತು. ಚೆನ್ನಾಗಿ ತಿಂದುಂಡು ಸುಖವಾಗಿದ್ದ ಆ ಪ್ರಾಣಿಗೆ ಮನೆಗೆ ಬರಲು ಸುತರಾಂ ಇಷ್ಟವಿರಲಿಲ್ಲ, ಅವನ ಎರಡು ಕೈಯನ್ನೂ ಪರಚಿತು. ಆಸ್ಪತ್ರೆಯ ಬಟ್ಟೆ ಸಾಗಿಸುವ ತಳ್ಳುಗಾಡಿಯ ತಂತಿ ಗೀರಿತು ಎಂದು ಮನೆಯಲ್ಲಿ ಸುಳ್ಳು ಹೇಳಿದ. ಬೆಕ್ಕಿನ ಸುದ್ದಿ ಕೇಳಿ ಪಿಟ್ಟು ಕುಣಿದದ್ದು ನೋಡಿ ಕೈಯ ಉರಿ ಮರೆತ.

ಒಮ್ಮೆ ಸಿಕ್ಕಿಬೀಳುವುದರಲ್ಲಿದ್ದ. ಅಂಗಳದ ಮರಕ್ಕೆ ಒಂದು ಉಯ್ಯಾಲೆ ಬೇಕೆಂದು ಅವಳು ಕೇಳಿದ್ದಳು. ಬೆಳಗಾಗುತ್ತಿದ್ದಂತೆ ಇವನು ಹಗ್ಗ ಹಿಡಿದು ಹೊರಗೆ ಬಂದರೆ ಅವಳು ಆಗಲೇ ಎದ್ದು, ಉಯ್ಯಾಲೆ ಬಂತೇನೋ ನೋಡಲು ಬಾಗಿಲಿಗೆ ಬಂದಿದ್ದಾಳೆ. ಹಗ್ಗವನ್ನು ಅಂಗಿಯೊಳಗೆ ತುರುಕಿಕೊಂಡವನಿಗೆ ಆ ಗಳಿಗೆಯಲ್ಲಿ ಒಂದು ಮಾತು ಹೊಳೆಯಿತು.

"ಕೇಳಿದ ಮೇಲೆ ಇಣುಕಬಾರದು ಪುಟ್ಟಾ," ಎಂದ. "ಇಣುಕಿ ನೋಡಿದ್ರೆ ನಂಬಿಕೆ ಇಲ್ಲ ಅಂತಾಗುತ್ತೆ. ಸುಮ್ಮನೆ ಕಾಯ್ಬೇಕು."

ಅವಳು ತಪ್ಪು ಮಾಡಿದವಳ ಹಾಗೆ ಎರಡು ಕೈಯಿಂದಲೂ ಕಣ್ಣು ಮುಚ್ಚಿಕೊಂಡು, ಗೋಡೆಗೆ ಮೈ ತಾಗಿಸಿಕೊಂಡು ಒಳಗೆ ಹೋದಳು. ಮೆಲ್ಲಣ್ಣ ಬದುಕಿದೆನಪ್ಪ ಎಂದು ಉಯ್ಯಾಲೆ ಕಟ್ಟಿದ. ತಾನು ಬಹಳ ಜಾಣನೆಂದು ಆ ದಿನವೆಲ್ಲ ಅನ್ನಿಸಿತು ಅವನಿಗೆ.

ಕಿಟಕಿಯಿಂದ ಇದನ್ನೆಲ್ಲ ನೋಡಿದ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಗ್ಗ ನುಂಗಿದ ದೇವದೂತ ಎಂದು ರೇಗಿಸಿದಳು. ಆದರೆ ಪಿಟ್ಟು ಶಾಲೆಗೆ ಹೋದ ಮೇಲೆ ಅವನನ್ನು ಎದುರಿಗೆ ಕೂರಿಸಿಕೊಂಡಳು.

"ರೀ, ಇದು ಸಾಕು. ನಾಳೆ ಅವಳು ನಿಮ್ಮ ಕೈಲಿ ಆಗದೇ ಇರೋದನ್ನ ಕೇಳ್ತಾಳೆ. ಆಗೇನ್ಮಾಡ್ತೀರಿ?"

ದೇವರು ಮಾಡಿಸುತ್ತಾನೆ, ತಾನು ಬರೀ ಕೈ ಅಷ್ಟೆ ಎಂದು ಅವನು ವಾದಿಸಿದ. ಹಾಗಾದರೆ ಅದನ್ನೇ ಅವಳಿಗೆ ಹೇಳಿ, ಬಚ್ಚಿಡುವುದು ಯಾಕೆ ಎಂದಳು ಅವಳು. ದೊಡ್ಡವಳಾದ ಮೇಲೆ ಹೇಳುತ್ತೇನೆ, ಈಗಷ್ಟೇ ಹುಡುಗಿ ಬಾಯಿ ಬಿಡುತ್ತಿದ್ದಾಳೆ ಎಂದು ಮಾತು ಮುಗಿಸಿದ.

ಬಾಯಿ ಬಿಡುತ್ತಿದ್ದದ್ದಂತೂ ನಿಜ. ಪಿಟ್ಟು ಈಗ ಹಾಜರಿಗೆ ಎದ್ದು ನಿಂತು ಉತ್ತರ ಕೊಡುತ್ತಿದ್ದಳು. ಚಿವುಟುತ್ತಿದ್ದ ಹುಡುಗಿಯನ್ನು ಎಲ್ಲರ ಮುಂದೆ ತರಾಟೆಗೆ ತೆಗೆದುಕೊಂಡು, ಮರುದಿನ ಅವಳೊಂದಿಗೇ ಸ್ನೇಹ ಮಾಡಿಕೊಂಡಳು. ಚರ್ಚಿನಲ್ಲಿ ವಾಕ್ಯ ಓದಲು ನಿಂತರೆ ಕೊನೆಯ ಸಾಲಿನ ಕಿವುಡಜ್ಜಿಯೂ ತಲೆದೂಗುತ್ತಿದ್ದಳು. ದೇವರು ನನ್ನ ಮಾತು ಕೇಳುತ್ತಾನೆ, ಇನ್ನು ಮನುಷ್ಯರಿಗೆ ಯಾಕೆ ಹೆದರಲಿ ಎಂಬುದು ಅವಳ ಲೆಕ್ಕ. ಪಾದ್ರಿಗಳು ಮೆಚ್ಚಿ, ಮನೆಯಲ್ಲಿ ಮಕ್ಕಳ ನಂಬಿಕೆ ಬೆಳೆಸುವುದು ಹೇಗೆ ಎಂದು ಸಭೆಯ ತಂದೆಯರಿಗೆಲ್ಲ ನಾಲ್ಕು ಮಾತು ಹೇಳಬೇಕೆಂದು ಮೆಲ್ಲಣ್ಣನಿಗೇ ಹೇಳಿಬಿಟ್ಟರು. ಅವನು ಎದ್ದು ನಿಂತ, ಸೇರಿದ್ದ ಗಂಡಸರನ್ನು ನೋಡಿದ, 'ದಿನಾ ಜೊತೆಗೆ ಕೂತು ಪ್ರಾರ್ಥನೆ ಮಾಡ್ತೀವಿ' ಎಂದು ಹೇಳಿ ಕೂತುಬಿಟ್ಟ. ಎಂಥ ವಿನಯ ಎಂದು ಎಲ್ಲರೂ ಕೊಂಡಾಡಿದರು. ಹೆಂಡತಿ ಮಾತ್ರ ದಾರಿಯುದ್ದಕ್ಕೂ ಅವನ ಮುಖ ನೋಡಿ ನೋಡಿ ನಗುತ್ತಿದ್ದಳು.

ಅವಳು ಹಾಗೆ ನಕ್ಕದ್ದು ಅದೇ ಕಡೆಯದಿರಬೇಕು. ಮೊದಲು ಊಟ ಸೇರದಾಯಿತು, ಆಮೇಲೆ ಮೈಕಿನ ಮುಂದೆ ಕೂರಲು ಶಕ್ತಿ ಸಾಲದಾಯಿತು. ಹೊಟ್ಟೆಯೊಳಗೆ ಗಡ್ಡೆ ಎಂದರು. ಗಂಡ ಕೆಲಸ ಮಾಡುವ ಆಸ್ಪತ್ರೆಯಲ್ಲೇ ಅವಳಿಗೆ ಮೂರನೇ ಮಹಡಿಯಲ್ಲಿ ಹಾಸಿಗೆ ಸಿಕ್ಕಿತು.

ಆ ವಾರ್ಡಿನ ಬಟ್ಟೆಗಳ ಅಂಚಿಗೆ ಹಸಿರು ದಾರದ ಗುರುತಿರುತ್ತಿತ್ತು. ಹೊಸ ಚಾದರ ಗರಿಗರಿಯಾಗಿ ಮೈಗೆ ಒತ್ತುತ್ತದೆ, ಎಷ್ಟೋ ಸಲ ಒಗೆದು ಸವೆದದ್ದೇ ಮೆತ್ತಗಿರುವುದು. ಮೆಲ್ಲಣ್ಣ ಹಸಿರು ದಾರದ ಹಳೆಯ ಚಾದರಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಆರಿಸಿ ತೆಗೆದಿಟ್ಟು, ತಾನೇ ಮೇಲೆ ಒಯ್ದು ಹಾಸುತ್ತಿದ್ದ. ಇಂಥ ಹಳತನ್ನು ಹಾಸಬಾರದು ಎಂದು ಮೊದಲ ದಿನ ನರ್ಸಮ್ಮ ಗೊಣಗಿದರು, ಎರಡನೇ ದಿನದಿಂದ ಕಂಡೂ ಕಾಣದ ಹಾಗೆ ಇದ್ದರು. ಅವಳ ಹಾಸಿಗೆಯ ಬಟ್ಟೆ ಕೆಳಗೆ ಬಂದಾಗ ಅವನೇ ಬಿಚ್ಚಿ ನೋಡುತ್ತಿದ್ದ. ರಕ್ತದ ಕಲೆಯನ್ನು ಬಿಸಿನೀರಿಗೆ ಹಾಕಿದರೆ ಅದು ಕಚ್ಚಿಕೊಳ್ಳುತ್ತದೆ, ತಣ್ಣೀರಿನಲ್ಲಿ ನೆನೆಸಬೇಕು. ದಿನದಿನಕ್ಕೆ ಅವನು ನೆನೆಸುವ ಬಟ್ಟೆ ಹೆಚ್ಚಾಯಿತು. ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು, ಇನ್ನು ನೋವು ಕಡಿಮೆ ಮಾಡುವುದಷ್ಟೇ ನಮ್ಮ ಕೈಲಿರುವುದು ಎಂದು ಹೇಳುವ ಎಷ್ಟೋ ಮೊದಲೇ ಅವನಿಗೆ ತಣ್ಣೀರಿನ ತೊಟ್ಟಿಯ ಮುಂದೆ ನಿಂತು ಅದು ಗೊತ್ತಾಗಿತ್ತು.

ಪಿಟ್ಟು ಮೊದಮೊದಲು ಶಾಲೆ ಬಿಟ್ಟ ಮೇಲೆ ದಿನವೂ ಬರುತ್ತಿದ್ದಳು. ತಾಯಿಯ ಹಾಸಿಗೆಯ ಅಂಚಿನಲ್ಲಿ ಕೂತು ಶಾಲೆಯ ಸುದ್ದಿಯೆಲ್ಲ ಹೇಳಿ ಹೋಗುತ್ತಿದ್ದಳು. ಒಂದು ದಿನ ಚರ್ಚಿನ ಹೆಂಗಸರು ಅವಳಿಗೆ ಕೇಳಿಸುವ ಹಾಗೆಯೇ, ಪಾಪ, ಇನ್ನು ಆ ದೇವರೇ ಗತಿ ಎಂದು ಮಾತಾಡಿಕೊಂಡರು. ಅವಳು ಅಳಲಿಲ್ಲ. ಆ ಸಂಜೆ ಮೇಜಿನ ಮುಂದೆ ಕೈಜೋಡಿಸಿ ಕೂತು, ಸ್ಪಷ್ಟವಾದ ದನಿಯಲ್ಲಿ ಪ್ರಾರ್ಥಿಸಿದಳು.

"ಸ್ವಾಮಿ, ಅಮ್ಮನ್ನ ಹುಷಾರು ಮಾಡಿ ಮನೆಗೆ ಕಳಿಸು. ನಾನು ಇಣುಕಲ್ಲ. ಅಮ್ಮ ನಮ್ಮನೆ ಬಾಗಿಲಿಗೆ ಬರೋವರೆಗೂ ನಾನು ಆಸ್ಪತ್ರೆಗೆ ಹೋಗಲ್ಲ. ಆಮೆನ್."

ಮೆಲ್ಲಣ್ಣನಿಗೆ ಆಮೆನ್ ಅನ್ನಲು ನಾಲಿಗೆ ಏಳಲಿಲ್ಲ.

ಮಾರನೆಯ ದಿನದಿಂದ ಅವಳು ಬರಲಿಲ್ಲ. ಹೆಂಡತಿ ಕೇಳಿದಳು. ಪರೀಕ್ಷೆ ಇದೆ ಎಂದ. ಆಮೇಲೆ ನೆಗಡಿ ಎಂದ, ಚಿಕ್ಕ ಮಕ್ಕಳನ್ನು ಒಳಗೆ ಬಿಡುತ್ತಿಲ್ಲ ಎಂದ. ಪಕ್ಕದ ಹಾಸಿಗೆಯ ಹೆಂಗಸಿನ ಮಕ್ಕಳು ಎದುರಿಗೇ ಓಡಾಡುತ್ತಿದ್ದವು. ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದವಳ ದನಿ ಈಗ ಎಷ್ಟು ಸಣ್ಣಗಾಗಿತ್ತೆಂದರೆ ಅವನು ಬಗ್ಗಿ, ಅವಳ ಬಾಯಿಯ ಹತ್ತಿರ ಕಿವಿ ಇಟ್ಟು ಕೇಳಬೇಕಾಗಿತ್ತು. ಸುಳ್ಳು ಸಾಕು, ಏನಾಗಿದೆ ಹೇಳಿ ಎಂದಳು. ಅವನು ಹೇಳಿದ. ಅವಳು ಅವನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ಇವತ್ತೇ ಹೋಗಿ ಅವಳಿಗೆ ನಿಜ ಹೇಳಿ," ಎಂದಳು. "ದೇವರು ಇಲ್ಲ ಅನ್ನಬೇಡಿ. ಅಪ್ಪ ಸುಳ್ಳು ಹೇಳ್ದ ಅನ್ನಿ. ನಾನು ಮಗೂನ ನೋಡ್ಬೇಕು ರೀ. ಅವಳ ಜೊತೆ ಕೂತು ಅಳಬೇಕು ನಾನು."

ಅವನು ಹೇಳಲೆಂದೇ ಮನೆಗೆ ಹೋದ. ದಾರಿಯಲ್ಲಿ ಮಾತುಗಳನ್ನು ಜೋಡಿಸಿಕೊಂಡು, ಬಾಯಲ್ಲೇ ಹೇಳಿ ನೋಡಿಕೊಂಡು ಹೋದ. ಬಾಗಿಲು ತೆರೆದರೆ ಮನೆ ಫಳಫಳ ಎನ್ನುತ್ತಿದೆ. ಪಿಟ್ಟು ನೆಲ ಒರೆಸಿದ್ದಳು, ತಾಯಿಯ ದಿಂಬು ಬಿಸಿಲಿಗೆ ಹಾಕಿ ತೆಗೆದಿದ್ದಳು, ತಾಯಿಯ ಬಟ್ಟೆಗಳನ್ನೆಲ್ಲ ಕಪಾಟಿನಿಂದ ಹೊರಗೆಳೆದು ಅಪ್ಪ ಕಲಿಸಿದ ಹಾಗೆ ಮೂಲೆಗೆ ಮೂಲೆ ಕೂಡಿಸಿ ಮಡಿಸುತ್ತಿದ್ದಳು. ಅಮ್ಮ ಬಂದ ಮೇಲೆ ನಡೆಯಲು ಕಷ್ಟವಾದರೆ ಮಲಗಿದಲ್ಲಿಂದಲೇ ಬೀದಿ ಕಾಣಲಿ ಎಂದು ಅವಳ ಹಾಸಿಗೆಯನ್ನು ಕಿಟಕಿಯ ಹತ್ತಿರಕ್ಕೆ ಒಬ್ಬಳೇ ಎಳೆದು ಹಾಕಿದ್ದಳು. ಜೋಡಿಸಿಕೊಂಡ ಮಾತಿನಲ್ಲಿ ಒಂದೂ ಹೊರಗೆ ಬರಲಿಲ್ಲ. ನಾಳೆ ಆಸ್ಪತ್ರೆಗೆ ಬಾ, ಅಮ್ಮ ನಿನ್ನನ್ನು ನೋಡಬೇಕಂತೆ ಎಂದಷ್ಟೇ ಹೇಳಿದ.

ಅವಳು ಅವನ ಮುಖ ನೋಡಿದಳು. ಮಡಿಸುವುದನ್ನು ನಿಲ್ಲಿಸಿ ಹತ್ತಿರ ಬಂದು ಅವನ ಕೈ ಹಿಡಿದುಕೊಂಡಳು.

"ಅಪ್ಪಾ, ನೀನೇ ಹೇಳ್ಕೊಟ್ಟಿದ್ದಲ್ವಾ? ಈಗ ನೀನೇ ಹೆದ್ರಿದ್ರೆ ಹೇಗೆ? ಅಮ್ಮ ಬರ್ತಾಳೆ. ಧೈರ್ಯವಾಗಿರು."

ತಾನು ಬೆಳೆಸಿದ ಧೈರ್ಯವೇ ಈಗ ಎದುರಿಗೆ ನಿಂತು ತನ್ನ ಬೆನ್ನು ತಟ್ಟುತ್ತಿತ್ತು. ಆಗ ಅವನು ಅವಳನ್ನು ಎತ್ತಿಕೊಂಡು ಹೋಗಬೇಕಿತ್ತು. ಕಿರುಚಲಿ, ಕಚ್ಚಲಿ, ಬಲವಂತವಾಗಿ ಹೆಗಲ ಮೇಲೆ ಹೊತ್ತು ಮೂರು ಮಹಡಿ ಹತ್ತಬೇಕಿತ್ತು. ಒಂದು ಬೆಕ್ಕಿಗಾಗಿ ಊರೆಲ್ಲ ಅಲೆದ ಮನುಷ್ಯ ಹೆಂಡತಿಗಾಗಿ ಅಷ್ಟು ಮಾಡಲಿಲ್ಲ. ಮಗಳು ತನ್ನನ್ನು ಇನ್ನು ಎಂದೂ ನಂಬಲಾರಳು, ದೇವರನ್ನೂ ನಂಬಲಾರಳು ಎಂಬ ಭಯ ಅವನನ್ನು ಕಟ್ಟಿಹಾಕಿತ್ತು. ಅವನು ಊಟ ಬಡಿಸಿದ, ಇಬ್ಬರೂ ಉಂಡರು, ಅವಳು ಪ್ರಾರ್ಥನೆ ಮಾಡಿದಳು.

ಆಸ್ಪತ್ರೆಗೆ ಹೋಗಿ, ಪಿಟ್ಟು ನಾಳೆ ಬರುತ್ತಾಳೆ ಎಂದ. ಮರುದಿನವೂ ನಾಳೆ ಎಂದ. ಹೆಂಡತಿ ಮೊದಲು ತಲೆಯಾಡಿಸಿದಳು, ಆಮೇಲೆ ಅದನ್ನೂ ಬಿಟ್ಟಳು. ನರ್ಸಮ್ಮನಿಗೆ ಹೇಳಿ ಬಾಗಿಲ ಕಡೆ ಮುಖವಿರುವ ಹಾಗೆ ಮಗ್ಗುಲು ಬದಲಿಸಿಕೊಂಡು ಮಲಗುತ್ತಿದ್ದಳು.

ಅವಳು ಹೋದದ್ದು ಒಂದು ಮಧ್ಯಾಹ್ನ. ಮೆಲ್ಲಣ್ಣ ಚಾದರ ಹಿಡಿದು ಮೇಲೆ ಬಂದಾಗ ಉಸಿರಾಟ ಬೇರೆಯಾಗಿತ್ತು. ಚಾದರ ಕೆಳಗಿಟ್ಟು ಕೈ ಹಿಡಿದುಕೊಂಡು ಕೂತ. ಅವಳು ಕಣ್ಣು ತೆರೆದು ಬಾಗಿಲ ಕಡೆ ನೋಡಿದಳು. ತುಟಿ ಅಲ್ಲಾಡಿತು. ಅವನು ಬಗ್ಗಿ ಕಿವಿಗೊಟ್ಟ.

"ಬಂದ್ಲಾ?"

"ಬರ್ತಾ ಇದಾಳೆ," ಎಂದ ಅವನು. "ಮೆಟ್ಟಿಲು ಹತ್ತುತಾ ಇದಾಳೆ."

ಅವಳು ಕಾದಳು. ಎಷ್ಟು ಹೊತ್ತು ಆಯಿತೋ ಅವನಿಗೆ ಗೊತ್ತಿಲ್ಲ. ಕಾಯುತ್ತಲೇ ಹೋದಳು.

ಆ ಹಾಸಿಗೆಯ ಬಟ್ಟೆ ಅದೇ ದಿನ ಕೆಳಗೆ ಬಂತು. ಚಾದರ ಮಡಿಸಲು ಯಾವಾಗಲೂ ಇಬ್ಬರು ಬೇಕು, ಇಬ್ಬರೂ ಎರಡೆರಡು ಮೂಲೆ ಹಿಡಿದು ಎದುರುಬದುರು ನಡೆದು ಬರಬೇಕು. ಅವನ ಎದುರಿಗೆ ಯಾವಾಗಲೂ ನಿಲ್ಲುತ್ತಿದ್ದ ಹಿರಿಯ ಹೆಂಗಸು, ಎಲ್ಲರೂ ಅಕ್ಕ ಎನ್ನುತ್ತಿದ್ದವಳು, ಆ ಹಸಿರು ದಾರದ ಚಾದರವನ್ನು ಯಾರ ಕೈಗೂ ಕೊಡದೆ ತಾನೇ ಒಗೆದು, ಒಣಗಿಸಿ, ಒಬ್ಬಳೇ ಮಡಿಸಿಟ್ಟಳಂತೆ. ಅವನಿಗೆ ಅದು ಎಷ್ಟೋ ದಿನದ ಮೇಲೆ ತಿಳಿಯಿತು.

ಪಿಟ್ಟು ತಾಯಿಯನ್ನು ನೋಡಿದ್ದು ಚರ್ಚಿನಲ್ಲಿ, ಪೆಟ್ಟಿಗೆಯಲ್ಲಿ. ಅವಳು ಹತ್ತಿರ ಹೋಗಲಿಲ್ಲ. ಪಾದ್ರಿಗಳು ತಲೆ ಸವರಿ, ದೇವರಿಗೆ ಅಮ್ಮ ಬೇಕಾದಳು ಮಗೂ ಎಂದರು. ಮಣ್ಣು ಹಾಕುವಾಗ ಎಲ್ಲರೂ ಅತ್ತರು, ಬಸ್ಸಿನ ಡ್ರೈವರುಗಳು ಕೂಡ ಕಣ್ಣೊರೆಸಿಕೊಂಡರು. ಇವಳ ಕಣ್ಣಿನಲ್ಲಿ ಒಂದು ಹನಿ ಇಲ್ಲ. ಆಮೇಲೆ ಶಾಲೆಯಿಂದ ದೂರು ಬಂತು, ಹಾಜರಿಗೆ ಉತ್ತರ ಕೊಡುವುದಿಲ್ಲ ಎಂದು. ಮನೆಯಲ್ಲಿ ಕೇಳಿದ್ದಕ್ಕೆ ತಲೆಯಾಡಿಸುವುದಷ್ಟೆ. ಊಟವಾದ ಮೇಲೆ ಮೇಜಿನಿಂದ ಎದ್ದುಹೋಗಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಮೆಲ್ಲಣ್ಣ ಒಬ್ಬನೇ ಆ ಮೇಜಿನ ಮುಂದೆ ಕೂರುತ್ತಿದ್ದ. ಮಗಳು ದೇವರ ಮೇಲೆ ಮುನಿಸಿಕೊಂಡಿದ್ದಾಳೆ ಎಂದುಕೊಂಡ. ಅದೊಂದು ರೀತಿಯಲ್ಲಿ ಅವನಿಗೆ ಸಮಾಧಾನವನ್ನೇ ಕೊಟ್ಟಿತು. ದೇವರಿಗೇನು, ಎಷ್ಟು ಮುನಿಸನ್ನಾದರೂ ತಡೆದುಕೊಂಡಾನು. ಸಿಟ್ಟು ಇಳಿದ ಮೇಲೆ ಎಲ್ಲ ಸರಿಹೋಗುತ್ತದೆ, ಆ ಹಳೆಯ ವಿಷಯವನ್ನು ಎತ್ತುವುದೇ ಬೇಡ ಎಂದೂ ಮನಸ್ಸಿನಲ್ಲೇ ತೀರ್ಮಾನಿಸಿದ. ಮನುಷ್ಯ ಇಷ್ಟಾದ ಮೇಲೂ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಾನೆ, ನೋಡಿ.

ಒಂದು ಭಾನುವಾರ ಚರ್ಚಿನಿಂದ ಬಂದು ಇಬ್ಬರೂ ಉಣ್ಣಲು ಕೂತಿದ್ದರು. ಪಿಟ್ಟು ತಟ್ಟೆ ಮುಟ್ಟಿರಲಿಲ್ಲ. ಇದ್ದಕ್ಕಿದ್ದಂತೆ, ಅವನಿಗೆ ಕೇಳಿತೋ ಇಲ್ಲವೋ ಎನ್ನುವಷ್ಟು ಸಣ್ಣಗೆ ಮಾತಾಡಿದಳು.

"ಅಪ್ಪಾ, ನಾನು ಇಣುಕಿದೆ."

ಏನು ಎಂದು ಕೇಳಿದ. ಅವಳು ತಟ್ಟೆ ನೋಡುತ್ತಲೇ ಹೇಳಿದಳು. ಒಂದು ದಿನ ಶಾಲೆಯಿಂದ ಬರುವಾಗ ತಡೆಯಲಾರದೆ ಆಸ್ಪತ್ರೆಯ ಹಿಂದಿನ ರಸ್ತೆಗೆ ಹೋಗಿದ್ದಳಂತೆ. ಗೋಡೆಯ ಪಕ್ಕ ನಿಂತು ಮೂರನೇ ಮಹಡಿಯ ಕಿಟಕಿಗಳನ್ನು ನೋಡಿದ್ದಳಂತೆ. ಅಮ್ಮನ ಕಿಟಕಿ ಯಾವುದೆಂದು ಗೊತ್ತಾಗಲಿಲ್ಲ. ಎಲ್ಲವನ್ನೂ ನೋಡಿ ಮನೆಗೆ ಓಡಿ ಬಂದಿದ್ದಳು.

"ಅದಕ್ಕೇ ಅಮ್ಮ ಹೋದ್ಲು. ನಾನು ಇಣುಕಿದ್ದಕ್ಕೆ. ನಾನೇ ಅಮ್ಮನ್ನ..." ಮುಂದಿನ ಮಾತು ಬರಲಿಲ್ಲ.

ಅಷ್ಟು ದಿನ ಈ ಮಗು ತಾಯಿಯನ್ನು ತಾನೇ ಕೊಂದೆನೆಂಬ ಭಾರ ಹೊತ್ತುಕೊಂಡು ಗೋಡೆ ನೋಡಿಕೊಂಡು ಮಲಗುತ್ತಿತ್ತು, ಮೆಲ್ಲಣ್ಣ ಅದನ್ನು ಮುನಿಸು ಎಂದುಕೊಂಡಿದ್ದ. ಅವನು ಕುರ್ಚಿಯಿಂದ ಇಳಿದು ಅವಳ ಮುಂದೆ ನೆಲದ ಮೇಲೆ ಕೂತ. ಜೀವಮಾನದಲ್ಲಿ ಮೊದಲ ಸಲ ಪಕ್ಕದ ಮನೆಗೂ ಕೇಳುವಷ್ಟು ಗಟ್ಟಿಯಾಗಿ ಮಾತಾಡಿದ. ಅಂಥ ನಿಯಮ ಎಲ್ಲೂ ಇಲ್ಲ, ದೇವರು ಅದನ್ನು ಹೇಳಿಯೇ ಇಲ್ಲ, ಹಗ್ಗ ಬಚ್ಚಿಡಲು ತಾನು ಆ ಗಳಿಗೆಯಲ್ಲಿ ಹುಟ್ಟಿಸಿದ ಮಾತು ಅದು ಎಂದ. ಕಿಟಕಿಯ ಬೆಂಚಿಗೆ ತಾನು ಹೋಗಿ ಕೇಳಿದ್ದು, ಬೆಕ್ಕನ್ನು ಹಿಡಿದು ತಂದದ್ದು, ಚೀಲ ಹೊಲಿದದ್ದು, ಉಯ್ಯಾಲೆ ಕಟ್ಟಿದ್ದು, ಒಂದನ್ನೂ ಬಿಡದೆ ಹೇಳಿದ. ನೀನು ಇಣುಕಿದ್ದಕ್ಕೆ ಏನೂ ಆಗಲಿಲ್ಲ, ನೀನು ಸಾವಿರ ಸಲ ಇಣುಕಿದ್ದರೂ ಅಮ್ಮನ ಕಾಯಿಲೆ ಅದೇ ಕಾಯಿಲೆ, ಅದು ವಾಸಿಯಾಗುವುದಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು ಎಂದ.

ಪಿಟ್ಟು ಎಲ್ಲವನ್ನೂ ಕೇಳಿಸಿಕೊಂಡಳು. ಅವಳು ದೇವರ ವಿಷಯ ಕೇಳುತ್ತಾಳೆ, ಹಾಗಾದರೆ ದೇವರು ನನ್ನ ಮಾತು ಯಾವತ್ತೂ ಕೇಳಲಿಲ್ಲವೇ ಎನ್ನುತ್ತಾಳೆ ಎಂದು ಅವನು ಕಾದಿದ್ದ. ಅದಕ್ಕೆ ಏನು ಹೇಳಬೇಕೆಂದು ಹುಡುಕುತ್ತಲೂ ಇದ್ದ. ಅವಳು ಅದನ್ನು ಕೇಳಲೇ ಇಲ್ಲ.

"ಹಾಗಾದ್ರೆ ನಾನು ಬರಬಹುದಿತ್ತಾ?"

ಅವನು ತಲೆಯೆತ್ತಿ ಅವಳನ್ನು ನೋಡಿದ.

"ಅಮ್ಮನ ಹತ್ರ. ದಿನಾ ಬರಬಹುದಿತ್ತಾ ಅಪ್ಪಾ?"

"ಬರಬಹುದಿತ್ತು," ಎಂದ.

"ಅಮ್ಮ ನನ್ನ ಕೇಳಿದ್ಲಾ?"

ಇಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ಅವಳಿಗೆ ಎಚ್ಚರವೇ ಇರಲಿಲ್ಲ, ನಿದ್ದೆಯಲ್ಲೇ ಹೋದಳು ಎಂದರೆ ಮಗುವಿಗೆ ಎಷ್ಟೋ ಹಗುರಾಗುತ್ತಿತ್ತು. ಆ ಸುಳ್ಳು ನಾಲಿಗೆಯ ತುದಿಗೆ ತಾನಾಗಿಯೇ ಬಂತು, ಅವನ ಹತ್ತಿರ ಅಂಥವು ಯಾವಾಗಲೂ ಸಿದ್ಧವಾಗಿರುತ್ತಿದ್ದವು. ಅವನು ಹಲ್ಲು ಕಚ್ಚಿಕೊಂಡ.

"ದಿನಾ ಕೇಳ್ತಿದ್ಲು. ಬಾಗಿಲ ಕಡೆನೇ ನೋಡ್ತಿದ್ಲು. ಕೊನೇಲೂ ನಿನ್ನನ್ನೇ ಕೇಳಿದ್ಲು. ನೀನು ಮೆಟ್ಟಿಲು ಹತ್ತುತಾ ಇದೀಯ ಅಂತ ಹೇಳ್ಬಿಟ್ಟೆ ನಾನು. ಸುಳ್ಳು ಹೇಳ್ದೆ."

ಪಿಟ್ಟು ಅವನನ್ನು ನೋಡಿದಳು. ಅಷ್ಟು ದಿನದಿಂದ ಬಾರದಿದ್ದ ಅಳು ಒಮ್ಮೆಗೇ ಬಂತು. ಅಮ್ಮಾ ಎಂದು ಕೂಗಿ ಅತ್ತಳು. ಅವನು ಅಪ್ಪಿಕೊಳ್ಳಲು ಕೈಚಾಚಿದ. ಅವಳು ಆ ಕೈಯನ್ನು ತಳ್ಳಿದಳು. ಮತ್ತೆ ಚಾಚಿದರೆ ಮತ್ತೆ ತಳ್ಳಿ, ಕುರ್ಚಿಯಿಂದ ಇಳಿದು ಅಡುಗೆಮನೆಯ ಮೂಲೆಗೆ ಹೋಗಿ ಮೊಣಕಾಲಿನ ನಡುವೆ ಮುಖ ಹುದುಗಿಸಿಕೊಂಡಳು.

ಅವನು ಅವಳ ಹಿಂದೆ ಹೋಗಲಿಲ್ಲ, ಎದ್ದು ಹೊರಗೂ ಹೋಗಲಿಲ್ಲ. ಅವಳು ತಲೆಯೆತ್ತಿದರೆ ಕಾಣುವಷ್ಟು ದೂರದಲ್ಲಿ, ನೆಲದ ಮೇಲೆ, ಕೂತೇ ಇದ್ದ. ಈ ಮಗುವಿಗೆ ಏನಾದರೂ ಕೊಡು ಸ್ವಾಮಿ ಎಂದು ಕೇಳಬೇಕೆನಿಸಿತು. ಏನನ್ನು ಕೊಡು ಎಂದು ಕೇಳುವುದೋ ಅವನಿಗೆ ತಿಳಿಯಲಿಲ್ಲ. ಅವಳು ಅಮ್ಮನನ್ನು ಕರೆಯುತ್ತಲೇ ಇದ್ದಳು.